ಹಿಮ್ಮಡಿಯ ಕೆಳಗಿನ ಕಾಗದ

“ಉಸಿರು ಎಳ್ಕೋ. ಇನ್ನೂ ಎಳ್ಕೋ. ಹಾಂ, ಹಾಗೇ ಹಿಡ್ಕೋ.”

ಸಾಸಿವೆ ಎರಡೂ ಕೆನ್ನೆಗಳನ್ನು ಬಲೂನಿನಂತೆ ಉಬ್ಬಿಸಿಕೊಂಡು ನಿಂತಳು. ಅಳತೆ ಮಾಮ ಎಡಗೈಯ ಎರಡು ಬೆರಳುಗಳಿಂದ ಅವಳ ದವಡೆಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಬಲಗೈಯಿಂದ ಮರದ ಹಲಗೆಯನ್ನು ಗೋಡೆಯ ಪಟ್ಟಿಯ ಮೇಲೆ ಜಾರಿಸುತ್ತ ತಂದು ಅವಳ ನೆತ್ತಿಗೆ ತಾಕಿಸಿದ.

“ಉಸಿರು ಎದೆಗೆ ಕಣೇ, ಕೆನ್ನೆಗಲ್ಲ.”

“ಎದೇಲಿ ಜಾಗ ಇಲ್ಲ ಮಾಮ. ಎಲ್ಲಾ ಮಾತ್ರೆ ತುಂಬ್ಕೊಂಡಿದೆ.”

“ಮಾತಾಡಿದ್ರೆ ಕುಗ್ಗಿಹೋಗ್ತೀಯ ನೋಡು.”

ಅವಳು ಗಪ್ಪನೆ ಬಾಯಿ ಮುಚ್ಚಿದಳು. ಆ ಕೋಣೆಯಲ್ಲಿ ಅವಳನ್ನು ಸುಮ್ಮನಾಗಿಸಲು ಅದೊಂದೇ ಮಾತು ಸಾಕಾಗುತ್ತಿತ್ತು.

ಮಕ್ಕಳ ಮೂತ್ರಪಿಂಡ ವಿಭಾಗದ ಕೊನೆಯ ಕೋಣೆ ಅದು. ಒಂದು ಗೋಡೆಗೆ ಎತ್ತರ ಅಳೆಯುವ ಪಟ್ಟಿ, ಮೂಲೆಯಲ್ಲಿ ತೂಕದ ಯಂತ್ರ, ಶೂ ಬಿಚ್ಚಲು ಒಂದು ತಗ್ಗು ಬೆಂಚು, ಮೇಜಿನ ಮೇಲೆ ದಪ್ಪನೆಯ ಪುಸ್ತಕ. ಅಲ್ಲಿ ಕೆಲಸ ಮಾಡುವವನಿಗೆ ಒಂದು ಹೆಸರೂ ಹುದ್ದೆಯೂ ಇದ್ದವು. ಅವು ಬಾಗಿಲ ಮೇಲಿನ ಫಲಕದಲ್ಲಿದ್ದವು. ಮಕ್ಕಳು ಮಾತ್ರ ಅವನನ್ನು ಅಳತೆ ಮಾಮ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಇದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿ, ಸಂಜೆ ತರಗತಿಗಳಲ್ಲಿ ಕೂತು ತೂಕಡಿಸುತ್ತಲೇ ಓದಿ ಪಾಸಾಗಿ ಈ ಕೋಣೆಗೆ ಬಂದವನು. ಬಂದ ದಿನದಿಂದಲೂ ಯಾರಾದರೂ ಒಂದು ದಿನ ಬಾಗಿಲು ತೆಗೆದು, “ತಪ್ಪಾಯ್ತು, ಈ ಕೆಲಸ ನಿಮಗಲ್ಲ” ಅಂದುಬಿಡುತ್ತಾರೆ ಎಂಬ ಸಣ್ಣ ಭಯ ಅವನ ಹೊಟ್ಟೆಯಲ್ಲಿ ಮನೆ ಮಾಡಿಕೊಂಡಿತ್ತು. ಅದಕ್ಕೇ ಎಲ್ಲವನ್ನೂ ಮೂರು ಸಲ ನೋಡುತ್ತಿದ್ದ. ಪ್ರತಿ ಮಗುವನ್ನೂ ಮೂರು ಸಲ ಅಳೆದು, ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ನಡುವಿನದನ್ನು ಪುಸ್ತಕಕ್ಕೆ ಏರಿಸುತ್ತಿದ್ದ. ಹಿಮ್ಮಡಿಯ ಕೆಳಗೆ ಒಂದು ಪಟ್ಟಿ ಕಾಗದ ಇಟ್ಟು ಎಳೆದು ನೋಡುತ್ತಿದ್ದ. ಕಾಗದ ಈಚೆಗೆ ಬಂದರೆ ಮಗು ಹಿಮ್ಮಡಿ ಎತ್ತಿದೆ ಎಂದರ್ಥ. ಅದನ್ನು ಯಾರೂ ಅವನಿಗೆ ಕಲಿಸಿದ್ದಲ್ಲ, ಅವನೇ ಕಂಡುಕೊಂಡದ್ದು. ಚೀಟಿಯಲ್ಲಿ ಅದಕ್ಕೆಂದೇ ಒಂದು ಚೌಕ ಮಾಡಿಸಿ, ಅದರ ಪಕ್ಕ ‘ಹಿಮ್ಮಡಿ’ ಎಂದು ಅಚ್ಚು ಹಾಕಿಸಿದ್ದ. ಡಾಕ್ಟರಮ್ಮ ಬೇರೆ ಆಸ್ಪತ್ರೆಯಿಂದ ಯಾರೇ ಬಂದರೂ ಆ ಚೀಟಿ ತೋರಿಸಿ ಹೆಮ್ಮೆಪಡುತ್ತಿದ್ದರು.

“ಎಷ್ಟಾಯ್ತು ಮಾಮ?”

“ನೂರ ಹನ್ನೊಂದು ಪಾಯಿಂಟ್ ಒಂಬತ್ತು. ಇಳಿ, ಮತ್ತೆ ನಿಲ್ಲು.”

ಎರಡನೆಯ ಸಲ ನೂರ ಹನ್ನೆರಡು ಪಾಯಿಂಟ್ ಒಂದು. ಮೂರನೆಯ ಸಲವೂ ಅಷ್ಟೇ.

“ಇನ್ನೊಂದ್ಸಲ ಮಾಮ. ನಾನು ಸರಿಯಾಗಿ ನಿಂತೇ ಇರಲಿಲ್ಲ. ನಿಜವಾಗ್ಲೂ.”

ಅವನು ಅವಳ ಮುಖ ನೋಡಿದ. ಒಂಬತ್ತು ವರ್ಷ, ನೋಡಿದವರು ಆರು ಅನ್ನುತ್ತಿದ್ದರು. ಹುಟ್ಟುವಾಗಲೇ ಅವಳ ಮೂತ್ರಪಿಂಡಗಳೆರಡೂ ಪೂರ್ತಿ ರೂಪುಗೊಂಡಿರಲಿಲ್ಲ. ಸಾಸಿವೆ ಎಂದು ಹೆಸರಿಟ್ಟದ್ದು ಅವಳ ತಾತ. ಬೇರೆ ಯಾರಾದರೂ ಹಾಗೆ ಕರೆದರೆ ಕಚ್ಚಲು ಹೋಗುವವಳು ತಾತನಿಗೂ ಅಳತೆ ಮಾಮನಿಗೂ ಮಾತ್ರ ಬಿಟ್ಟುಕೊಟ್ಟಿದ್ದಳು. ಒಂದು ವರ್ಷದ ಹಿಂದೆ ಮೊದಲ ಸಲ ಅಳೆದಾಗ ನೂರ ಎಂಟು ಪಾಯಿಂಟ್ ಎರಡು ಇದ್ದಳು. ಮೂರು ತಿಂಗಳು ಬಿಟ್ಟು ಬಂದಾಗ ಅರ್ಧ ಸೆಂಟಿಮೀಟರೂ ಆಗಿರಲಿಲ್ಲ. ಆವತ್ತು ಅವಳು ಒಂದು ಮಾತೂ ಆಡದೆ ಬೆಂಚಿನ ಮೇಲೆ ಕೂತು, ಎಡಗಾಲಿನ ಶೂ ಬಲಗಾಲಿಗೆ ಹಾಕಿಕೊಂಡು, ಹಾಗೇ ಎದ್ದು ಹೋಗಿದ್ದಳು. ಅದು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಅದರ ಮುಂದಿನ ಸಲ ಕಾಗದ ಇಡಲು ಬಗ್ಗಿದಾಗ, “ಕಚಗುಳಿ ಆಗುತ್ತೆ ಮಾಮ, ಬೇಡ” ಎಂದು ಕಿಲಕಿಲ ನಕ್ಕಳು. ಆ ನಗುವನ್ನು ಕೇಳಿ ಅವನು ಕಾಗದವನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಅವಳಿಗೆ ಅದನ್ನು ಇಟ್ಟೇ ಇರಲಿಲ್ಲ.

“ಸರಿ, ಇನ್ನೊಂದೇ ಸಲ,” ಅಂದ.

ನೂರ ಹನ್ನೆರಡು ಪಾಯಿಂಟ್ ಮೂರು. ಅವನ ಕಣ್ಣು ಪಟ್ಟಿಯ ಮೇಲಿತ್ತು, ಕೆಳಗೆ ಇಳಿಯಲಿಲ್ಲ. ಪುಸ್ತಕದಲ್ಲಿ ಅದನ್ನೇ ಬರೆದ.

ಡಾಕ್ಟರಮ್ಮನ ಕೋಣೆಯಲ್ಲಿ ತಾತ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಸಾಸಿವೆಯ ಅಮ್ಮನಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಆಸ್ಪತ್ರೆಯ ಓಡಾಟವೆಲ್ಲ ತಾತನದ್ದು. ಅವನು ದರ್ಜಿ. ಕತ್ತಿನ ಸುತ್ತ ಅಳತೆಯ ಟೇಪು ಇಲ್ಲದೆ ಹೊರಗೆ ಹೊರಟರೆ ಏನೋ ಮರೆತ ಹಾಗಾಗುತ್ತದೆ ಎಂದು ಆಸ್ಪತ್ರೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದ.

“ನಾಲ್ಕು ಪಾಯಿಂಟ್ ಒಂದು!” ಡಾಕ್ಟರಮ್ಮ ಪುಸ್ತಕದಿಂದ ತಲೆಯೆತ್ತಿದರು. “ವರ್ಷಕ್ಕೆ ನಾಲ್ಕು ದಾಟಿದೆ ತಾತ. ನಾಲ್ಕರ ಒಳಗಿದ್ದಿದ್ರೆ ದಿನಾ ಇಂಜೆಕ್ಷನ್ ಶುರು ಮಾಡ್ಬೇಕಾಗಿತ್ತು. ಇಂಜೆಕ್ಷನ್ ಬೇಕಾದ ಮಕ್ಕಳ ಪಟ್ಟಿ ಶುಕ್ರವಾರ ಕಳಿಸ್ತೀವಿ. ಇವಳ ಹೆಸರು ಅದರಲ್ಲಿ ಬೇಡ.”

“ದಿನಾ ಇಂಜೆಕ್ಷನ್ ಇಲ್ವಾ?” ಸಾಸಿವೆ ಕುರ್ಚಿಯಿಂದ ನೆಗೆದಳು. “ತಾತ, ಕೇಳಿಸ್ತಾ? ಇಲ್ವಂತೆ!”

“ಕೇಳಿಸ್ತು ಕಣೇ, ನಾನೇನು ಕಿವುಡನಾ? ಮೇಡಂ, ಒಂದು ಪ್ರಶ್ನೆ. ಈ ಬೆಳೆಯೋದು, ಬೆಳೆಯದೇ ಇರೋದು, ಅದು ಯಾಕೆ? ಕೆಟ್ಟಿರೋದು ಕಿಡ್ನಿ. ಕಾಲು ಉದ್ದ ಆಗೋಕೆ ಅದಕ್ಕೇನು?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರಿಗೆ ಈ ಪ್ರಶ್ನೆ ಇಷ್ಟ.

“ತಲೆಯೊಳಗಿಂದ ಒಂದು ಕೂಗು ಹೊರಡುತ್ತೆ ತಾತ, ಬೆಳೆಸಿ ಅಂತ. ರಕ್ತದಲ್ಲಿ ಬಂದು ಲಿವರಿಗೆ ಹೇಳುತ್ತೆ. ಲಿವರ್ ಒಬ್ಬ ದೂತನ್ನ ಕಳಿಸುತ್ತೆ. ಅವನಿಗೆ ನಾವು ಬೆಳವಣಿಗೆಯ ಅಂಶ ಅಂತೀವಿ. ಅವನು ಹೋಗಿ ಮೂಳೆ ತುದಿ ಬಾಗಿಲು ತಟ್ಟಬೇಕು. ಈ ಕಾಯಿಲೆ ಇರೋ ಮಕ್ಕಳಲ್ಲಿ ಕೂಗೋದು ಕೂಗ್ತಾನೇ ಇರುತ್ತೆ, ಒಳಗೆ ಕೇಳಿಸಲ್ಲ. ಮಿಕ್ಸಿ ಓಡ್ತಿರೋ ಮನೆ ಮುಂದೆ ನಿಂತು ಕೂಗಿದ ಹಾಗೆ.”

“ಸರಿ. ಆ ದೂತ?”

“ಅವನನ್ನ ಕೈ ಹಿಡಿದು ನಿಲ್ಲಿಸ್ಕೊಳ್ಳೋ ಪ್ರೋಟೀನ್‌ಗಳು ರಕ್ತದಲ್ಲಿರ್ತವೆ. ಒಳ್ಳೆ ಕಿಡ್ನಿ ಆದ್ರೆ ಅವನ್ನ ಸೋಸಿ ಹೊರಗೆ ಹಾಕುತ್ತೆ. ಇಲ್ಲಿ ಹಾಕಲ್ಲ. ಅವು ಜಾಸ್ತಿಯಾಗಿ, ದೂತನ್ನ ದಾರೀಲೇ ಹಿಡಿದು ನಿಲ್ಲಿಸಿಬಿಡ್ತವೆ.”

“ನಮ್ಮ ಬೀದಿ ತುದಿ ಟೀ ಅಂಗಡಿ ಇದ್ದ ಹಾಗೆ,” ಎಂದ ತಾತ. “ಅದನ್ನ ದಾಟಿ ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದಿಲ್ಲ.”

“ಅಂದ್ರೆ ನನ್ನ ಮೂಳೆಗೆ ಕಿವಿ ಕೇಳಲ್ಲ,” ಎಂದಳು ಸಾಸಿವೆ, ಯೋಚಿಸಿ.

“ಅಷ್ಟೇ. ಇಂಜೆಕ್ಷನ್ ಅಂದ್ರೆ ಇನ್ನೂ ಜೋರಾಗಿ ಕೂಗೋದು. ನಿನ್ನ ಮೂಳೆ ಜಾಣ ಮೂಳೆ. ಮೆಲ್ಲಗೆ ಕೂಗಿದ್ರೂ ಎದ್ದು ಬಂದಿದೆ.” ಡಾಕ್ಟರಮ್ಮ ನಕ್ಕು, ಬಾಗಿಲ ಬಳಿ ನಿಂತಿದ್ದ ಅಳತೆ ಮಾಮನ ಕಡೆ ತಿರುಗಿದರು. “ಗೊತ್ತಾ, ರಕ್ತ ಬೇರೇನೇ ಹೇಳ್ತಿತ್ತು. ದೂತ ಪೂರ್ತಿ ಸಿಕ್ಕಿಹಾಕ್ಕೊಂಡಿದ್ದಾನೆ ಅಂತ ಬಂತು. ಕಳೆದ ಸಲ ನಿಮ್ಮ ಅಳತೆ ನೋಡಿ, ಲ್ಯಾಬಿನವರೇ ತಪ್ಪು ಮಾಡಿರಬೇಕು ಅಂತ ಇನ್ನೊಂದು ಸಲ ರಕ್ತ ತೆಗೆಸಿದೆ. ಮತ್ತೂ ಹಾಗೇ ಬಂತು. ನಿಮ್ಮ ಕೈ ತಪ್ಪಲ್ಲ, ಅದಕ್ಕೇ ನಾನು ಅಳತೇನೇ ನಂಬಿದೆ.”

ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. ಸಾಸಿವೆ ಅವನ ಕೈ ಹಿಡಿದು ಕುಣಿಯುತ್ತಿದ್ದಳು. ಬಾಯಿ ಮುಚ್ಚಿದ.

ಊಟದ ಬಿಡುವಿನ ಹೊತ್ತಿಗೆ ತಾತ ಒಬ್ಬನೇ ಅಳತೆಯ ಕೋಣೆಗೆ ಬಂದ. ಮೊಮ್ಮಗಳು ಔಷಧಿಯ ಕೌಂಟರಿನ ಎದುರು ನರ್ಸಮ್ಮನ ಜೊತೆ ಹರಟೆ ಹೊಡೆಯುತ್ತ ಕೂತಿದ್ದಾಳೆ ಎಂದ. ಕೂರಿ ಎಂದರೆ ಕೂರಲಿಲ್ಲ. ಗೋಡೆಯ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿದ. ಬಟ್ಟೆಯ ಅಂಗಡಿಯಲ್ಲಿ ಥಾನಿನ ನೂಲು ನೋಡುವ ಹಾಗೆ.

“ತಪ್ಪು ತಿಳ್ಕೋಬೇಡಿ ಸ್ವಾಮಿ. ನಿಮ್ಮ ಈ ಪಟ್ಟಿ ಏನಾದ್ರೂ ಜಾರಿದೆಯಾ?”

“ಯಾಕೆ ತಾತ?”

“ಹೋದ ವರ್ಷ ಶಾಲೆ ಶುರುವಾದಾಗ ಎರಡು ಜೊತೆ ಬಟ್ಟೆ ಹೊಲಿದೆ ಅವಳಿಗೆ. ಬೆಳೆಯೋ ಮಗು ಅಂತ ಅಂಚಲ್ಲಿ ಮೂರು ಬೆರಳು, ತೋಳಲ್ಲಿ ಎರಡು ಬೆರಳು ಮಡಿಸಿಟ್ಟೆ. ಅಂಚಲ್ಲಿ ಅರ್ಧ ಬೆರಳು ಬಿಚ್ಚಿದ್ದೀನಿ, ಅಷ್ಟೇ. ತೋಳು ಮುಟ್ಟೇ ಇಲ್ಲ. ನಾಲ್ಕು ಸೆಂಟಿಮೀಟರ್ ಬೆಳೆದ ಮಗುವಿನ ಮಣಿಕಟ್ಟು ಈಚೆಗೆ ಬರ್ಬೇಕಲ್ವಾ? ನಲವತ್ತೈದು ವರ್ಷದಿಂದ ಬೇರೆಯವರ ಮಕ್ಕಳ ತೋಳು ಬಿಚ್ಚಿದ್ದೀನಿ ನಾನು. ನಮ್ಮ ಮಗೂದು ಒಂದು ಬಿಚ್ಚೋ ಹಾಗಾಗ್ಲಿ ಅಂತ ದಿನಾ ನೋಡ್ತಿದ್ದೀನಿ.” ಅವನು ಕತ್ತಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಂಡ. “ನನ್ನ ಟೇಪೂ ಹಳೇದಾದ್ರೆ ಎಳೆದು ಎಳೆದು ಉದ್ದ ಆಗಿಬಿಡುತ್ತೆ. ಹಾಗೇನಾದ್ರೂ ಆಗಿರ್ಬಹುದು. ನಿಮ್ಮನ್ನ ಅಂತಿಲ್ಲ.”

“ನೋಡ್ತೀನಿ ತಾತ,” ಎಂದ ಅಳತೆ ಮಾಮ.

“ನನಗೂ ಇಂಜೆಕ್ಷನ್ ಇಲ್ಲ ಅಂದಿದ್ದು ಖುಷಿನೇ. ಆದ್ರೆ ಮೇಡಂ ಇನ್ನೊಂದು ಮಾತು ಹೇಳಿದ್ರು ಹಿಂದೆ. ಮೂಳೆ ಬೆಳೆಯೋ ಬಾಗಿಲು ಒಂದು ವಯಸ್ಸಿಗೆ ಮುಚ್ಚಿಬಿಡುತ್ತಂತೆ, ಆಮೇಲೆ ಎಷ್ಟು ಕೂಗಿದ್ರೂ ಇಲ್ಲವಂತೆ. ಅದಕ್ಕೇ ಕೇಳಿದೆ.”

ತಾತ ಹೋದ ಮೇಲೆ ಅವನು ಕಪಾಟಿನಿಂದ ಒಂದು ಮೀಟರಿನ ಕಬ್ಬಿಣದ ಸರಳನ್ನು ತೆಗೆದ. ಪ್ರತಿ ಸೋಮವಾರ ಅದನ್ನು ಪಟ್ಟಿಯ ಕೆಳಗೆ ನಿಲ್ಲಿಸಿ ಹಲಗೆ ಇಳಿಸಿ ನೋಡುವುದು ಅವನ ಕ್ರಮ. ಇವತ್ತು ಬುಧವಾರವಾದರೂ ನಿಲ್ಲಿಸಿದ. ಪಟ್ಟಿ ಜಾರಿರಲಿ ಎಂದು ಮನಸ್ಸು ಬೇಡುತ್ತಿತ್ತು. ನೂರು. ಮತ್ತೆ ನೋಡಿದ. ನೂರು. ಮೂರನೆಯ ಸಲವೂ ನೂರೇ.

ಆಮೇಲೆ ಚೀಟಿಗಳ ಡಬ್ಬ ತೆಗೆದ. ಮೂವತ್ತೊಂದು ಮಕ್ಕಳ ಒಂದು ವರ್ಷದ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಸಣ್ಣ ಕಟ್ಟುಗಳು. ಎಲ್ಲರ ಚೀಟಿಯಲ್ಲೂ ಮೂರು ಅಳತೆ, ಹಿಮ್ಮಡಿಯ ಚೌಕದಲ್ಲಿ ಗುರುತು. ಸಾಸಿವೆಯ ಮೊದಲ ಎರಡು ಚೀಟಿಗಳಲ್ಲಿ ಗುರುತಿತ್ತು. ಆಮೇಲಿನ ಮೂರರಲ್ಲಿ ಚೌಕ ಖಾಲಿ. ಒಂದರಲ್ಲಿ ಮೂರರ ಬದಲು ನಾಲ್ಕು ಅಳತೆ, ಇನ್ನೊಂದರಲ್ಲಿ ಐದು, ಇವತ್ತಿನದರಲ್ಲಿ ನಾಲ್ಕು. ಪ್ರತಿ ಸಲವೂ ಪುಸ್ತಕಕ್ಕೆ ಏರಿದ್ದು ನಡುವಿನದಲ್ಲ, ಎಲ್ಲಕ್ಕಿಂತ ದೊಡ್ಡದು.

ಅವನು ಬೆಂಚಿನ ಮೇಲೆ ಕುಸಿದು ಕೂತ. ನೋಡದೆ ಗುರುತು ಹಾಕುವುದು ಅವನ ಕೈಯಲ್ಲಿ ಆಗಿರಲಿಲ್ಲ, ನೋಡುವುದೂ ಆಗಿರಲಿಲ್ಲ. ಮೂರು ಸಲ ತಾನೇ ಖಾಲಿ ಬಿಟ್ಟ ಚೌಕವನ್ನು ಆರು ತಿಂಗಳಲ್ಲಿ ತಾನು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಒಮ್ಮೆ ಎತ್ತರ ಕೊಟ್ಟ ಮೇಲೆ ಮುಂದಿನ ಸಲ ಅದನ್ನು ಕಿತ್ತುಕೊಳ್ಳುವುದು ಹೇಗೆ? ಅದರ ಮೇಲೇ ಇನ್ನಷ್ಟು ಏರಿಸಬೇಕಾಗಿತ್ತು. ಏರಿಸಿದ್ದ. ಆ ಎತ್ತರವನ್ನು ನಂಬಿ ಡಾಕ್ಟರಮ್ಮ ಮಗುವಿನ ತೋಳಿಗೆ ಎರಡನೆಯ ಸಲ ಸೂಜಿ ಹಾಕಿಸಿದ್ದರು.

ಸಂಜೆ ಅಡುಗೆಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅವನು ನಲ್ಲಿ ನಿಲ್ಲಿಸಿ, ತಿರುಗಿ ಬಂದು, ಮತ್ತೆ ಹೋಗಿ ನಲ್ಲಿ ನಿಂತಿದೆಯೇ ಎಂದು ನೋಡಿದ.

“ನಿಂತಿದೆ ಮಾರಾಯ. ನಾನೂ ನೋಡಿದೆ, ನೀನೂ ನೋಡಿದೆ. ಪಕ್ಕದ ಮನೆಯವರನ್ನ ಕರೀಲಾ?”

ಅವನು ನಗಲಿಲ್ಲ. ಅವಳು ಚಾಕು ಕೆಳಗಿಟ್ಟಳು. ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ಮಧ್ಯೆ ಮಧ್ಯೆ, ಮನುಷ್ಯರು ಬೆಳಿಗ್ಗೆ ಉದ್ದ ಇದ್ದು ಸಂಜೆಗೆ ಒಂದಿಷ್ಟು ಕುಗ್ಗುತ್ತಾರೆ, ಅವಳು ಬಂದದ್ದು ಯಾವಾಗಲೂ ಬೆಳಿಗ್ಗೆಯೇ, ಕೂದಲನ್ನು ಎತ್ತಿ ಕಟ್ಟಿದ್ದರೂ ಒಂದಿಷ್ಟು ಹೆಚ್ಚಾಗುತ್ತದೆ ಎಂದೆಲ್ಲ ಸೇರಿಸಿದ. ಅವಳು ಎಲ್ಲ ಕೇಳಿ, “ಅದೆಲ್ಲ ಸೇರಿದ್ರೆ ಎಷ್ಟು ಆಗುತ್ತೆ?” ಅಂದಳು.

“ಇಷ್ಟಾಗಲ್ಲ.”

“ಹೇಳಿದ್ರೆ ಕೆಲಸ ಹೋಗುತ್ತಾ?”

“ಹೋಗಬಹುದು. ಎಲ್ಲಾ ಮಕ್ಕಳ ಅಳತೆ ಮೇಲೂ ಅನುಮಾನ ಬರುತ್ತೆ. ಮುಂದಿನ ಸಲದಿಂದ ಸರಿಯಾಗಿ ಅಳೆದು, ನಿಧಾನಕ್ಕೆ ಸರಿ ಮಾಡ್ಕೊಂಡು ಹೋದ್ರೆ ಹೇಗೆ ಅಂತ...”

“ಪಟ್ಟಿ ಯಾವತ್ತು ಅಂದೆ?”

“ಶುಕ್ರವಾರ. ಮತ್ತೆ ಪಟ್ಟಿ ಮಾಡೋದು ಮುಂದಿನ ವರ್ಷ.”

“ಹಾಗಾದ್ರೆ ನನ್ನ ಯಾಕೆ ಕೇಳ್ತಿದ್ದೀಯ? ಆ ನಲ್ಲಿ ನೋಡಿದ ಹಾಗೆ ಇದನ್ನೂ ಮೂರು ಸಲ ನೋಡ್ಬೇಕಾ?” ಅವಳು ಮತ್ತೆ ಚಾಕು ಎತ್ತಿಕೊಂಡಳು. ಹೆಚ್ಚುತ್ತಲೇ, ತಲೆಯೆತ್ತದೆ ಅಂದಳು: “ಶೂ ಉಲ್ಟಾ ಹಾಕ್ಕೊಂಡು ಹೋಯ್ತು ಅಂತ ಆವತ್ತು ಬಂದು ಹೇಳಿದ್ದೆ ನೀನು. ಊಟ ಬಿಟ್ಟು ಎದ್ದಿದ್ದೆ. ನನಗೆ ನೆನಪಿದೆ.”

ಗುರುವಾರ ಬೆಳಿಗ್ಗೆ ಡಾಕ್ಟರಮ್ಮ ಬರುವ ಮೊದಲೇ ಅವನು ಅವರ ಬಾಗಿಲ ಬಳಿ ನಿಂತಿದ್ದ. ಐದು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಕಲಿತುಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

“ಈ ಮೂರರಲ್ಲಿ ನಾನು ಹಿಮ್ಮಡಿ ನೋಡಿಲ್ಲ ಮೇಡಂ. ನೋಡ್ಬಾರ್ದು ಅಂತಾನೇ ನೋಡಿಲ್ಲ.”

ಡಾಕ್ಟರಮ್ಮ ಚೀಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ರಕ್ತ ನಿಜ ಹೇಳ್ತಿತ್ತು,” ಎಂದರು ಕೊನೆಗೆ. “ನಾನು ರಕ್ತವನ್ನ ಬಿಟ್ಟು ನಿಮ್ಮನ್ನ ನಂಬಿದೆ. ಎರಡನೇ ಸಲ ಸೂಜಿ ಹಾಕಿದಾಗ ಆ ಮಗು ನನ್ನ ಕೇಳ್ತು, ಹೋದ ಸಲದ ರಕ್ತ ಎಲ್ಲಿ ಕಳೆದುಬಿಟ್ರಿ ಅಂತ. ನಾನು ನಕ್ಕೆ.”

ಅವರು ಚೀಟಿಗಳನ್ನು ಕೆಳಗಿಟ್ಟರು.

“ಬೇರೆ ಮಕ್ಕಳು?”

“ಎಲ್ಲರ ಚೀಟೀಲೂ ಗುರುತಿದೆ ಮೇಡಂ. ಆದ್ರೂ ಎಲ್ಲರನ್ನೂ ಮತ್ತೆ ಅಳೆಯಿರಿ. ನಾನು ಹೇಳಿದೆ ಅಂತ ಬಿಡಬೇಡಿ.”

“ಬಿಡಲ್ಲ. ಮುಂದಿನ ಆರು ತಿಂಗಳು ನೀವು ಅಳೆಯುವಾಗ ನರ್ಸ್ ಪಕ್ಕದಲ್ಲಿರ್ತಾಳೆ. ಮೇಲಿನವರಿಗೆ ನಾನು ಬರೀಲೇಬೇಕು, ಅವರು ಏನಂತಾರೋ ಗೊತ್ತಿಲ್ಲ.” ಚೀಟಿಗಳನ್ನು ಜೋಡಿಸಿ ಅವನ ಕಡೆ ತಳ್ಳಿದರು. “ತಾತನಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬರೋಕೆ ಹೇಳ್ತೀನಿ. ಮಗೂಗೆ ನಾನೇ ತಿಳಿಸ್ತೀನಿ.”

“ಇಲ್ಲ ಮೇಡಂ. ಅದನ್ನ ನಾನು ಹೇಳ್ತೀನಿ.”

ಶುಕ್ರವಾರ ಸಾಸಿವೆ ಓಡುತ್ತಲೇ ಬಂದಳು. ಶೂ ಬಿಚ್ಚಿ ಬೆಂಚಿನ ಕೆಳಗೆ ಎಸೆದಳು. ನರ್ಸಮ್ಮ ಕಿಟಕಿಯ ಬಳಿ ನಿಂತಿದ್ದಳು, ತಾತ ಬಾಗಿಲ ಬಳಿ. ಅಳತೆ ಮಾಮ ಅವಳ ಎದುರು ಮಂಡಿಯೂರಿ ಕೂತ. ಹಾಗೆ ಕೂತರೆ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತಿದ್ದವು.

“ಬುಧವಾರ ನಾನು ನಿನ್ನನ್ನ ತಪ್ಪಾಗಿ ಅಳೆದೆ ಸಾಸಿವೆ.”

ಅವಳ ಮುಖ ಅರಳಿತು. “ಕಮ್ಮಿ ಅಳೆದ್ರಾ?”

“ಇಲ್ಲಮ್ಮ. ಜಾಸ್ತಿ ಅಳೆದೆ. ನಿನ್ನ ಹಿಮ್ಮಡಿ ಮೇಲೆದ್ದಿತ್ತು. ನಾನು ನೋಡ್ಲಿಲ್ಲ.”

ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು.

“ನಾನು ಎತ್ತಿದ್ದೆ,” ಎಂದಳು, ತಾತನಿಗೆ ಕೇಳಿಸದಷ್ಟು ಮೆಲ್ಲಗೆ. “ಒಂಚೂರೇ ಚೂರು. ನೀವು ನೋಡ್ತೀರ ಅಂದ್ಕೊಂಡಿದ್ದೆ. ನೀವು ಎಲ್ಲರದ್ದೂ ನೋಡ್ತೀರಲ್ಲ. ನೀವು ಏನೂ ಹೇಳ್ಲಿಲ್ಲ. ಅದಕ್ಕೇ ನಾನು, ಎತ್ತಿಲ್ಲ, ನಿಜವಾಗ್ಲೂ ಬೆಳೆದಿದ್ದೀನಿ ಅಂದ್ಕೊಂಡೆ.”

“ತಪ್ಪು ನಂದು. ನಿಂದಲ್ಲ.”

“ಕ್ಲಾಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ.” ಅವಳು ಇನ್ನೂ ಕಾಲುಗಳನ್ನೇ ನೋಡುತ್ತಿದ್ದಳು. “ನಾಲ್ಕು ಪಾಯಿಂಟ್ ಒಂದು ಅಂತ ಬೋರ್ಡ್ ಮೇಲೆ ಬರೆದಿದ್ದೀನಿ. ಮಿಸ್ಸು ಅಳಿಸಬೇಡಿ ಅಂದಿದ್ದಾರೆ.”

ಅವಳೇ ಹೋಗಿ ಪಟ್ಟಿಗೆ ಬೆನ್ನು ಕೊಟ್ಟು ನಿಂತಳು. ತಾತ ಬಂದು ಅವಳ ಎತ್ತಿ ಕಟ್ಟಿದ ಜುಟ್ಟನ್ನು ಬಿಚ್ಚಿ ಕೂದಲು ಇಳಿಬಿಟ್ಟ. ಅಳತೆ ಮಾಮ ಎರಡು ಹಿಮ್ಮಡಿಗಳ ಕೆಳಗೂ ಕಾಗದ ಇಟ್ಟು ಎಳೆದ. ಎರಡೂ ಈಚೆಗೆ ಬರಲಿಲ್ಲ. ಕಚಗುಳಿ ಎಂದು ಅವಳು ನಗಲೂ ಇಲ್ಲ. ನರ್ಸಮ್ಮ ದವಡೆ ಹಿಡಿದಳು, ಅವನು ಹಲಗೆ ಇಳಿಸಿದ. ಮೂರು ಸಲ ಅಳೆದು ಮೂರನ್ನೂ ಗಟ್ಟಿಯಾಗಿ ಓದಿದ: ನೂರ ಹತ್ತು ಪಾಯಿಂಟ್ ಒಂಬತ್ತು, ಪಾಯಿಂಟ್ ಎಂಟು, ಪಾಯಿಂಟ್ ಒಂಬತ್ತು.

“ಅಂದ್ರೆ ಎಷ್ಟು ಬೆಳೆದೆ?” ಅವಳು ಕೇಳಿದ್ದು ನರ್ಸಮ್ಮನನ್ನು.

“ಎರಡು ಪಾಯಿಂಟ್ ಏಳು, ಪುಟ್ಟಿ.”

ಅವಳು ಬೆಂಚಿನ ಮೇಲೆ ಕೂತು ಶೂ ಹಾಕಿಕೊಂಡಳು, ಈ ಸಲ ಸರಿಯಾಗಿ. ಹೋಗುವಾಗ ಮಾಮ ಎನ್ನಲಿಲ್ಲ. ತಾತ ಹಿಂದೆ ಉಳಿದು ಅವನ ಭುಜದ ಮೇಲೆ ಒಂದು ಸಲ ಕೈಯಿಟ್ಟ. ಮೊಮ್ಮಗಳು ಹೊರಗಿನಿಂದ “ತಾತಾ!” ಎಂದು ಕೂಗಿದ್ದು ಕೇಳಿ ಓಡಿದ. ಆ ದಿನ ಮಧ್ಯಾಹ್ನ ಡಾಕ್ಟರಮ್ಮ ಕಳಿಸಿದ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗಿತ್ತು.

ಮೂರು ವಾರದ ನಂತರ ಇಂಜೆಕ್ಷನ್‌ಗಳು ಬಂದವು. ಮನೆಯಲ್ಲೇ ದಿನಾ ಹಾಕಬೇಕಾದದ್ದು. ಅಮ್ಮನ ಪಾಳಿ ಬದಲಾಗುತ್ತಲೇ ಇರುವುದರಿಂದ ಕಲಿಯಬೇಕಾದವನು ತಾತ. ನರ್ಸಮ್ಮ ಪೆನ್ನಿನಂಥ ಸಾಧನವನ್ನು ತೋರಿಸಿ, ಇಲ್ಲಿ ತಿರುಗಿಸಬೇಕು, ಇಲ್ಲಿ ಒತ್ತಬೇಕು ಎಂದು ಹೇಳಿಕೊಟ್ಟಳು. ಮೇಜಿನ ಮೇಲೆ ಅಭ್ಯಾಸಕ್ಕೆಂದು ಸ್ಪಂಜಿನ ದಿಂಬೊಂದಿತ್ತು. ತಾತ ಅದಕ್ಕೆ ಆರು ಸಲ ಚುಚ್ಚಿದ. ಆರು ಸಲವೂ ಸರಿಯಾಗಿತ್ತು. ಆಮೇಲೆ ಮೊಮ್ಮಗಳು ತೋಳು ಚಾಚಿದಾಗ ಅವನ ಕೈ ನಡುಗತೊಡಗಿತು.

“ಐವತ್ತು ವರ್ಷ ಸೂಜಿ ಹಿಡಿದ ಕೈ ಇದು,” ಎಂದ, ಯಾರನ್ನೋ ದೂರುವವನ ಹಾಗೆ. “ನಡುಗಬಾರ್ದು.”

“ಐವತ್ತು ಅಲ್ಲ ತಾತ, ಯಾವಾಗ್ಲೂ ನಲವತ್ತೈದು ಅಂತೀಯಲ್ಲ,” ಎಂದಳು ಸಾಸಿವೆ.

“ಭಯ ಆದಾಗ ಐದು ಸೇರುತ್ತೆ.”

ಅಳತೆ ಮಾಮ ಬಾಗಿಲ ಆಚೆ ನಿಂತಿದ್ದ. ಮೇಲಿನವರು ಎಚ್ಚರಿಕೆಯ ಪತ್ರ ಕೊಟ್ಟು ಕೆಲಸ ಉಳಿಸಿದ್ದರು; ಉಳಿದ ಮೂವತ್ತು ಮಕ್ಕಳ ಅಳತೆಗಳೂ ಎರಡನೆಯ ಸಲ ಸರಿಯಾಗಿಯೇ ಬಂದಿದ್ದವು. ಒಳಗೆ ಬರಲು ಅವನಿಗೆ ಧೈರ್ಯವಾಗಿರಲಿಲ್ಲ. ತೂಕದ ಪುಸ್ತಕ ಕೊಡುವ ನೆಪ ಮಾಡಿಕೊಂಡು ಬಂದಿದ್ದ. ಸಾಸಿವೆ ಅವನನ್ನು ನೋಡಿದಳು. ಮೂರು ವಾರದಲ್ಲಿ ಮೊದಲ ಸಲ ನೇರವಾಗಿ ನೋಡಿದಳು.

“ತಾತ ಮೊದಲು ಅವರಿಗೆ ಚುಚ್ಚಲಿ,” ಎಂದಳು.

“ಏಯ್, ಹಾಗೆಲ್ಲ ಮಾಡೋ ಹಾಗಿಲ್ಲ,” ಎಂದಳು ನರ್ಸಮ್ಮ.

“ಔಷಧಿ ಬೇಡ. ಬರೀ ಉಪ್ಪುನೀರು ಹಾಕಿ. ತಾತನಿಗೆ ಮನುಷ್ಯರ ಮೇಲೆ ಅಭ್ಯಾಸ ಆಗ್ಬೇಕು. ದಿಂಬು ಅಳಲ್ಲ, ಅದಕ್ಕೇ ಅದರ ಮೇಲೆ ಕೈ ನಡುಗಲ್ಲ.”

ನರ್ಸಮ್ಮ ಮೇಜಿನ ಆಚೆ ಕೂತಿದ್ದ ಡಾಕ್ಟರಮ್ಮನ ಕಡೆ ನೋಡಿದಳು. ಡಾಕ್ಟರಮ್ಮ ಅಳತೆ ಮಾಮನ ಕಡೆ ನೋಡಿದರು. ಅವನು ಆಗಲೇ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಅಂಗಿಯ ತೋಳು ಮಡಿಸುತ್ತಿದ್ದ.

“ಉಪ್ಪುನೀರು ತನ್ನಿ,” ಎಂದರು ಡಾಕ್ಟರಮ್ಮ.

ನರ್ಸಮ್ಮ ಸಣ್ಣ ಸಿರಿಂಜಿನಲ್ಲಿ ಚೂರು ಉಪ್ಪುನೀರು ತುಂಬಿ ತಂದುಕೊಟ್ಟಳು. ತಾತ ಅಳತೆ ಮಾಮನ ತೋಳಿನ ಹಿಂಭಾಗವನ್ನು ಎರಡು ಬೆರಳುಗಳಲ್ಲಿ ಹಿಡಿದ. ತಾತನ ಬೆರಳ ತುದಿಗಳು ಒರಟಾಗಿ, ತಣ್ಣಗಿದ್ದವು. “ಸ್ವಾಮಿ, ನೋವಾದ್ರೆ ಹೇಳಿ,” ಎಂದು ಮೂರು ಸಲ ಹೇಳಿದ. ಮೂರನೆಯ ಸಲ ಸಾಸಿವೆ, “ತಾತ, ಹಾಕು,” ಎಂದಳು. ಸೂಜಿ ಒಳಗೆ ಹೋಯಿತು. ಕೈ ನಡುಗಲಿಲ್ಲ.

“ಆಯ್ತಾ?” ತಾತ ಕಣ್ಣು ತೆರೆದ. ಅವನು ಕಣ್ಣು ಮುಚ್ಚಿಕೊಂಡಿದ್ದನ್ನು ಎಲ್ಲರೂ ಆಗಷ್ಟೇ ಗಮನಿಸಿದರು.

“ಕಣ್ಣು ಬಿಟ್ಟು ಇನ್ನೊಂದು ಸಲ,” ಎಂದ ಅಳತೆ ಮಾಮ, ಇನ್ನೊಂದು ತೋಳು ಮಡಿಸಿ.

ಎರಡನೆಯದೂ ಆಯಿತು. ನರ್ಸಮ್ಮ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದಳು. ಮೂರನೆಯದು ಸಾಸಿವೆಯದು. ಅವಳು ತಾನೇ ಬಂದು ತೋಳು ಚಾಚಿ, ಹಲ್ಲು ಕಚ್ಚಿ ನಿಂತಳು. ತಾತ ಪೆನ್ನು ತಿರುಗಿಸಿ, ಕಣ್ಣು ಬಿಟ್ಟುಕೊಂಡೇ ಒತ್ತಿದ. ಎಲ್ಲರೂ ಒಟ್ಟಿಗೆ ಹತ್ತರವರೆಗೆ ಎಣಿಸಿದರು. ಎಣಿಕೆ ಮುಗಿದ ಮೇಲೂ ತಾತ ತೆಗೆಯಲಿಲ್ಲ. ನರ್ಸಮ್ಮ ಅವನ ಕೈ ಹಿಡಿದು ತೆಗೆಸಬೇಕಾಯಿತು.

ಡಾಕ್ಟರಮ್ಮ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಅಳತೆ ಮಾಮನ ಎಡತೋಳಿನಲ್ಲಿ, ಮೊದಲು ಚುಚ್ಚಿದ ಜಾಗದಲ್ಲಿ, ಒಂದು ಹನಿ ರಕ್ತ ಮೂಡಿ ನಿಂತಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಸಾಸಿವೆ ತನಗೆ ಕೊಟ್ಟ ಹತ್ತಿಯ ಉಂಡೆಯನ್ನು ಎರಡು ತುಂಡು ಮಾಡಿ, ಒಂದನ್ನು ತನ್ನ ತೋಳಿಗೆ ಒತ್ತಿಕೊಂಡಳು. ಇನ್ನೊಂದನ್ನು ಹಿಡಿದು ಬಂದು, ತುಸು ಬಗ್ಗುವಂತೆ ಅವನ ಅಂಗಿ ಎಳೆದು, ಆ ಹನಿಯ ಮೇಲೆ ಇಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿ ಹಿಡಿದಳು.

“ಅಲ್ಲಾಡಬೇಡಿ,” ಎಂದಳು. ಅವನು ಅಲ್ಲಾಡಲಿಲ್ಲ.